ಟೆನ್ಶನ್ ತಗೋಬ್ಯಾಡ್ರಿ

ಬಿಪಿ ನೋಡೋರಿಗೆ ನಗಿ ಹುಡುಕ್ಕೊಂಡು ಹೋಗೋ ಕೆಲಸಿಲ್ಲ, ಅದ ಪಾಳಿ ಹಚ್ಚಿ ಬರ್ತೈತಿ. ಹಾನಗಲ್ಲಿನ ಒಂದು ಸಣ್ಣ ಕಣ್ಣಿನ ದವಾಖಾನ್ಯಾಗ ನಾ ನರ್ಸ್. ಆಪರೇಶನ್‌ಗೆ ಬಂದವರ ಬಿಪಿ ನೋಡೋದು ನನ್ನ ಕೆಲಸ. ಆಡೂರಿನ ಅಕ್ಕಾರೊಬ್ರು ಮೂರು ಸಲ ಬಂದ್ರು. ಅವರ ಕಥಿ ಇದು.

೧. ಸಿಟ್ಟು ಯಾರಿಗೆ

ಅಕ್ಕಾರಿಗೆ ಎರಡೂ ಕಣ್ಣಾಗ ಪೊರಿ. ಕೌದಿ ಹೊಲಿಯೋದ್ರಾಗ ಎತ್ತಿದ ಕೈ, ಆದ್ರ ಈಗ ಸೂಜಿಗೆ ದಾರ ಪೋಣಿಸಾಕ ಮಂದೀನ್ನ ಕರೀಬೇಕು. "ಬಿಪಿ ಇಳೀಲಾರದ ಆಪರೇಶನ್ ಇಲ್ಲ" ಅಂದಿದ್ರು ಡಾಕ್ಟರು. ಅವರ ಯಜಮಾನ್ರು ಮೀಸಿ ತಿರುವಿಕೊಂತ ಬಾಜೂಕ ಕುಂತಿದ್ರು.

"ನಿದ್ದಿ ಬರ್ತೈತೇನ್ರಿ ಅಕ್ಕಾರ?" ಅಂದೆ.

"ಬಿದ್ಲಂದ್ರ ಗೊರಕೀನ ನೋಡ್ರಿ" ಅಂದ್ರು ಯಜಮಾನ್ರು.

"ಚಿಂತಿ ಏನರ?"

"ಆಕೀಗೇನ್ ಚಿಂತೀರಿ? ನಾ ಇದ್ದೀನಲ್ಲ!" ಅದಕ್ಕೂ ಯಜಮಾನ್ರ ಉತ್ತರ.

"ಸಿಟ್ಟು?"

"ನಮ್ಮ ಮನ್ಯಾಗ ಸಿಟ್ಟು ಬರೋದು ನನಗೊಬ್ಬಂಗ!"

ಬಿಪಿ ನೋಡಿದ್ರ ಮುಗಿಲಿಗೆ ಹತ್ತೇತಿ. ಅಕ್ಕಾರು ಸಣ್ಣ ದನಿಲೆ ಅಂದ್ರು: "ಖರೇ ಐತ್ರಿ. ಸಿಟ್ಟು ಅವರಿಗೆ ಬರ್ತೈತಿ, ಬಿಪಿ ನನಗ ಬರ್ತೈತಿ."

೨. ಬಿಟ್ಟ ಗುಳಿಗಿ

ಡಾಕ್ಟರು ಗುಳಿಗಿ ಬರಕೊಟ್ಟು ಹದಿನೈದು ದಿನ ಬಿಟ್ಟು ಬರ್ರಿ ಅಂದ್ರು. ಬಂದ್ರ ಬಿಪಿ ಇನ್ನೂ ಮ್ಯಾಲ! ಆಪರೇಶನ್ ಮತ್ತ ಮುಂದಕ್ಕ ಹೋತು. ಅಕ್ಕಾರ ಮಾರಿ ಸಣ್ಣದಾತು, ನನಗೂ ಕೆಟ್ಟನಿಸ್ತು.

"ಗುಳಿಗಿ ತಗೊಂಡ್ರಿಲ್ಲೋ?"

"ಇಲ್ರೀ. ನೀವ ಬ್ಯಾಡ ಅಂದಿದ್ರಿ."

"ನಾ?"

"ಹೌದ್ರಿ. ಔಷಧ ಅಂಗಡ್ಯಾವ 'ಇವು ಟೆನ್ಶನ್ ಗುಳಿಗಿ' ಅಂತ ಕೊಟ್ಟ. ನೀವು ನೋಡಿದ್ರ ಹೋಗೂ ಮುಂದ 'ಅಕ್ಕಾರ, ಟೆನ್ಶನ್ ತಗೋಬ್ಯಾಡ್ರಿ' ಅಂದಿದ್ರಿ. ಅದಕ್ಕ ಒಂದೂ ತಗೊಂಡಿಲ್ಲ!"

ದಿನಾ ಒಂದು ನುಂಗಬೇಕು ಅಂತ ಬಿಡಿಸಿ ಹೇಳಿ ಕಳಿಸಿದೆ. ಇಪ್ಪತ್ತು ವರ್ಷದಿಂದ ಬಂದವರಿಗೆಲ್ಲಾ 'ಟೆನ್ಶನ್ ತಗೋಬ್ಯಾಡ್ರಿ' ಅಂತನ ಹೇಳ್ಕೊಂತ ಬಂದೇನಿ. ಎಷ್ಟು ಮಂದಿ ಗುಳಿಗಿ ಬಿಟ್ಟಾರೋ ಶಿವನ ಬಲ್ಲ.

೩. ಪಟ್ಟಿ ಬಿಚ್ಚಿದ ಮ್ಯಾಲ

ಮೂರನೇ ಸಲ ಅಕ್ಕಾರು ತಪ್ಪದ ಗುಳಿಗಿ ನುಂಗಿ ಬಂದಿದ್ರು. ನಾನೂ ಶಾಣ್ಯಾಕಿ ಆಗಿದ್ದೆ. "ಚಾ ಕುಡದು ಬರ್ರಿ" ಅಂತ ಯಜಮಾನ್ರನ್ನ ಹೊರಗ ಕಳಿಸಿದೆ. ಅರ್ಧ ತಾಸು ಬಿಟ್ಟು ನೋಡಿದ್ರ ಬಿಪಿ ಬರೋಬ್ಬರಿ ಇತ್ತು. ಒಂದು ಕಣ್ಣಿನ ಆಪರೇಶನ್ ಆತು.

ಮರುದಿನ ಪಟ್ಟಿ ಬಿಚ್ಚುವಾಗ ಯಜಮಾನ್ರು ಮೀಸಿ ಹುರಿ ಮಾಡ್ಕೊಂಡು ಎದುರಿಗೇ ನಿಂತಿದ್ರು. ಅಕ್ಕಾರು ನೋಡಿದ್ರು. ಮುಂದಕ್ಕ ಬಗ್ಗಿ ಮತ್ತ ನೋಡಿದ್ರು.

"ಮೀಸಿಗೆ ಬಣ್ಣ ಹಚ್ತೀರೇನ್ರಿ? ಎಡಕ್ಕ ಹತ್ತೇ ಇಲ್ಲಲ್ರೀ!"

ಯಜಮಾನ್ರ ಕೈ ತಾನ ಮೀಸಿ ಮುಚ್ಚಿತು.

"ಅಯ್ಯ ಶಿವನ! ಇಷ್ಟು ದಿನಾ ನಾ ಅಂಜಿದ್ದು ಈ ಮೀಸಿಗೇನು?"

ವಾರ್ಡಿನ ಮಂದಿ ಎಲ್ಲಾ ಹೋ ಅಂತ ನಕ್ರು. ಯಜಮಾನ್ರು ಸೀದಾ ನನ್ನ ಟೇಬಲ್ ಕಡೆ ಬಂದ್ರು, ಅಂಗಿ ತೋಳು ಮ್ಯಾಲ ಸರಿಸಿ ಕೈ ಚಾಚಿದ್ರು.

"ಸಿಸ್ಟರ, ಒಂದೀಟ ನಂದೂ ನೋಡ್ರಿ."