ಹಾಲನ್ನ ಉಂಡ ಫೆರೆಟ್

“ಒಂದೇ ತಿಂಗಳು ಕೊಡು ಮಾರಾಯ. ನಿನ್ನ ಈ ಪ್ರಾಣಿ ನನ್ನ ತೊಡೆ ಮೇಲೆ ಕೈಗೂಸಿನ ಹಾಗೆ ಮಲಗದಿದ್ರೆ, ನಾನು ಮೇಷ್ಟ್ರುಗಿರಿ ಬಿಟ್ಟುಬಿಡ್ತೀನಿ.”

ನರಸಿಂಹರಾಜಪುರದ ಹೈಸ್ಕೂಲು ಮೇಷ್ಟ್ರು ಜಯದೇವಪ್ಪನವರು ಹೀಗೆ ಘೋಷಿಸಿದಾಗ ಎದುರಿಗೆ ಕೂತಿದ್ದವನು ಅವರ ಹೆಂಡತಿಯ ತಮ್ಮ ಶಶಿಕಿರಣ್. ಅವನ ಕಾಲ ಬಳಿ ಪಂಜರ, ಪಂಜರದಲ್ಲಿ ಫೆರೆಟ್. ಮುಂಗುಸಿಯನ್ನು ಚೆನ್ನಾಗಿ ತೊಳೆದು, ಹಿಂಡಿ, ಉದ್ದಕ್ಕೆ ಎಳೆದು ಒಣಹಾಕಿದರೆ ಹೇಗಿರುತ್ತದೋ ಹಾಗಿತ್ತು. ಹೆಸರು ರಿಬ್ಬನ್. ಶಿವಮೊಗ್ಗದಲ್ಲಿ ಆಸೆಪಟ್ಟು ಸಾಕಿದ್ದ ಶಶಿಕಿರಣನ ಆಸೆಯೆಲ್ಲ ಈಗಾಗಲೇ ಹತ್ತೂ ಬೆರಳಿನಿಂದ ಸೋರಿಹೋಗಿತ್ತು. ಎತ್ತಿಕೊಂಡವರನ್ನೆಲ್ಲ ಅದು ಕಚ್ಚುತ್ತಿತ್ತು.

“ಭಾವ, ಒಂದು ಮಾತು. ಅದಕ್ಕೆ ಕೋಳಿ, ಮೊಟ್ಟೆ ಹೀಗೆ ಏನಾದ್ರೂ...”

“ಅಲ್ಲೇ ನೀನು ಎಡವಿದ್ದು. ಮಾಂಸದ ರುಚಿ ಹತ್ತಿದ ಬಾಯಿ ಕಚ್ಚದೆ ಇನ್ನೇನು ಮಾಡತ್ತೆ? ನಮ್ಮನೆ ಹಾಲನ್ನ ಉಣ್ಣಲಿ. ಸ್ವಭಾವ ತಾನಾಗೇ ಸಾತ್ವಿಕ ಆಗತ್ತೆ.”

ಶಶಿಕಿರಣ್ ಅಕ್ಕನ ಮುಖ ನೋಡಿದ. ದಿನಾ ಕೊಪ್ಪದ ಆಫೀಸಿಗೆ ಹೋಗಿಬರುವ ಅಕ್ಕ ದಾಕ್ಷಾಯಿಣಿ ಫ್ಯಾನಿನ ಮುಖ ನೋಡಿದರು. ಮೇಷ್ಟ್ರ ತಾಯಿ ಕಲ್ಲಮ್ಮನವರು ಒಳಗಿನ ಕೋಣೆಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮೊಟ್ಟೆ ಇದ್ದೀತೆಂಬ ಗುಮಾನಿಯಿಂದ ಬೇಕರಿಯ ಬನ್ನನ್ನೂ ಹೊಸ್ತಿಲು ದಾಟಿಸದ ಮುದುಕಿ ಅವರು. ಅಂಥ ಮನೆಗೆ ರಿಬ್ಬನ್‌ನ ಗೃಹಪ್ರವೇಶವಾಯಿತು.

ಪಾಠ ಮರುದಿನವೇ ಶುರು. ಎತ್ತಿಕೊಳ್ಳಬೇಕು, ಕಚ್ಚಿದರೆ ಕೈ ಎಳೆದುಕೊಳ್ಳಬಾರದು, ಶಾಂತವಾಗಿ ‘ಬೇಡ’ ಎನ್ನಬೇಕು ಎಂದು ಮೇಷ್ಟ್ರು ಮೊಬೈಲಿನಲ್ಲಿ ನೋಡಿ ಕಲಿತಿದ್ದರು. ರಿಬ್ಬನ್ ಹಾಲನ್ನವನ್ನು ಮೂಸಿತು, ತಟ್ಟೆಗೆ ಬೆನ್ನು ಹಾಕಿತು, ಮೇಷ್ಟ್ರ ಹೆಬ್ಬೆರಳನ್ನು ದಿಟ್ಟಿಸಿತು. ಮೇಷ್ಟ್ರು ಎತ್ತಿಕೊಂಡರು. ಮೊದಲನೆಯ ‘ಬೇಡ’ ನಿಜಕ್ಕೂ ಶಾಂತವಾಗಿತ್ತು. ಎರಡನೆಯದು ಪಕ್ಕದ ಮನೆಗೆ ಕೇಳಿಸಿತು. ಮೂರನೆಯದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಮೀನಿನ ಗಾಡಿಯವನು, ತನಗೇ ಹೇಳಿದ್ದೆಂದು ತಿಳಿದು, ಮುಂದಕ್ಕೆ ಹೋದ.

“ರೀ, ಅದು ಕಚ್ತಾ ಇಲ್ಲ. ಊಟ ಮಾಡ್ತಾ ಇದೆ,” ಎಂದರು ದಾಕ್ಷಾಯಿಣಿ, ಗಾಯಕ್ಕೆ ಔಷಧಿ ಹಚ್ಚುತ್ತ.

“ಎಂಟನೇ ಕ್ಲಾಸಿನ ಹುಡುಗರೂ ಶುರುವಿನಲ್ಲಿ ಹೀಗೇ ಕಣೇ.”

“ಅವ್ರಿಗೆ ಮಧ್ಯಾಹ್ನ ಊಟ ಹಾಕ್ತೀರಲ್ಲ.”

ಇಂಜೆಕ್ಷನ್ನಿಗೆ ಹೋದರೆ ಅಲ್ಲಿ ಬೇರೆ ಪೇಚಾಟ.

“ಎಂತ ಕಚ್ಚಿದ್ದು?” ಎಂದು ಕೇಳಿದರು ನರ್ಸಮ್ಮ.

“ಫೆರೆಟ್.”

“ಹಾಗಂದ್ರೆ?”

“ಒಂಥರಾ ಮುಂಗುಸಿ ಹಾಗೆ.”

“ಮುಂಗುಸಿ ಸಾಕಿದ್ರೆ ಫಾರೆಸ್ಟ್‌ನವ್ರು ಬರ್ತಾರೆ, ಗೊತ್ತಲ್ಲ ಮೇಷ್ಟ್ರೇ?”

ಮೇಷ್ಟ್ರು ಅತ್ತಿತ್ತ ನೋಡಿ, “ಬೆಕ್ಕು ಅಂತ ಬರ್ಕೊಳ್ಳಿ,” ಎಂದರು.

ಹೀಗಿರುವಾಗ ಒಂದು ಸಂಜೆ ಪವಾಡ ನಡೆಯಿತು. ಎತ್ತಿಕೊಂಡರೆ ರಿಬ್ಬನ್ ಆಕಳಿಸಿ, ಮೇಷ್ಟ್ರ ಮೊಣಕೈ ಸಂದಿಯಲ್ಲಿ ಮುಖ ಹುದುಗಿಸಿ ನಿದ್ದೆ ಹೋಯಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಹಾಲನ್ನದ ತಟ್ಟೆ ತೊಳೆದಿಟ್ಟಂತೆ ಖಾಲಿ. ಮೇಷ್ಟ್ರ ಎದೆ ಎರಡಿಂಚು ಹಿಗ್ಗಿತು. ಮಲಗಿದ ಫೆರೆಟ್ಟಿನ ವಿಡಿಯೋ ‘ಅನ್ನದಂತೆ ಗುಣ’ ಎಂಬ ತಲೆಬರಹ ಹೊತ್ತು ವಾಟ್ಸಾಪಿನಲ್ಲಿ ಬಾಳೆಹೊನ್ನೂರಿನವರೆಗೆ ಹೋಯಿತು. ಸ್ಟಾಫ್ ರೂಮಿನಲ್ಲಿ ಅವರ ಎದುರು ಚಪಾತಿ ಡಬ್ಬಿ ಬಿಚ್ಚಲೂ ಜನ ಹೆದರಿದರು. ಬಿಚ್ಚಿದರೆ ಉಪನ್ಯಾಸ ಗ್ಯಾರಂಟಿ.

ಕೊನೆಗೆ ಸಮಾಜದ ಅಧ್ಯಕ್ಷ ರಾಜಶೇಖರ್ ಮನೆಗೇ ಬಂದರು. “ಮೇಷ್ಟ್ರೇ, ಭಾನುವಾರ ಸಮಾಜದ ಸಭೆಯಲ್ಲಿ ಆಹಾರದ ಬಗ್ಗೆ ನೀವೇ ಮಾತಾಡ್ಬೇಕು. ಅದನ್ನೂ ಕರ್ಕೊಂಡು ಬನ್ನಿ. ಜನ ಕಣ್ಣಾರೆ ನೋಡ್ಲಿ.”

ಮೇಷ್ಟ್ರಿಗೆ ಅದುವರೆಗೆ ಸಮಾಜದಲ್ಲಿ ಸಿಕ್ಕಿದ್ದ ಅತಿದೊಡ್ಡ ಗೌರವವೆಂದರೆ ವಂದನಾರ್ಪಣೆ. ಈಗ ಮುಖ್ಯ ಭಾಷಣ! ಹೊಸ ಜುಬ್ಬ ಹೊಲಿಸಿದರು. ಕನ್ನಡಿಯ ಮುಂದೆ ಫೆರೆಟ್ ಹಿಡಿದು ನಿಲ್ಲುವ ಭಂಗಿಯನ್ನೂ ಅಭ್ಯಾಸ ಮಾಡಿದರು.

ಭಾನುವಾರ ಬೆಳಿಗ್ಗೆ ದಾಕ್ಷಾಯಿಣಿ ಜುಬ್ಬದ ಗುಂಡಿ ಹಾಕುತ್ತ ಮೆಲ್ಲಗೆ ಹೇಳಿದರು: “ರೀ, ಇವತ್ತು ಅದನ್ನ ಬಿಟ್ಟು ಹೋಗಿ. ಬರೀ ಮಾತಾಡಿ ಬನ್ನಿ. ಅದರ ಮೂಡ್ ಸರಿ ಇಲ್ಲ.”

“ಸಾತ್ವಿಕರಿಗೆ ಮೂಡ್ ಅನ್ನೋದೇ ಇರಲ್ಲ,” ಎಂದರು ಮೇಷ್ಟ್ರು.

ದಾಕ್ಷಾಯಿಣಿ ಏನೋ ಹೇಳಲು ಬಾಯಿ ತೆರೆದು, ಗಂಡನ ಮುಖದಲ್ಲಿದ್ದ ಖುಷಿ ನೋಡಿ, ಮುಚ್ಚಿಕೊಂಡರು.

ಸಭಾಭವನ ತುಂಬಿತ್ತು. ಮೇಷ್ಟ್ರು ಎಡಗೈಯಲ್ಲಿ ರಿಬ್ಬನ್ ಹಿಡಿದು ಮೈಕಿನ ಮುಂದೆ ನಿಂತರು. “ಬಂಧುಗಳೇ, ಈ ಜೀವವನ್ನು ನೋಡಿ. ಹುಟ್ಟಿನಿಂದ ಕ್ರೂರಿ. ಇಂದು ಹಾಲನ್ನ ಉಂಡು ಇದರ ಹಲ್ಲುಗಳು ತಾವು ಹಲ್ಲೆಂಬುದನ್ನೇ ಮರೆತಿವೆ. ಬೇಕಾದರೆ ನನ್ನ ಬೆರಳನ್ನು ಇದರ ಬಾಯಿಯ ಮುಂದೆ ಹಿಡಿಯುತ್ತೇನೆ.”

ಹಿಡಿದರು.

ಹಲ್ಲುಗಳಿಗೆ ಎಲ್ಲವೂ ನೆನಪಿತ್ತು. ಮೇಷ್ಟ್ರು ಕೂಗಿದ್ದನ್ನು ಮೈಕು ಊರಿಗೆಲ್ಲ ಹಂಚಿತು. ಕೈ ಮೇಲೆತ್ತಿದರೆ ಫೆರೆಟ್ ಹೆಬ್ಬೆರಳಿಗೆ ಜೋತು ಮೇಲೆ ಬಂತು, ಕೆಳಗಿಳಿಸಿದರೆ ಕೆಳಗೆ. ಅಧ್ಯಕ್ಷರು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ಮಾತಿಗೆ ತಪ್ಪದ ಮೇಷ್ಟ್ರು ಇಷ್ಟರ ನಡುವೆಯೂ “ಬೇಡ, ಬೇಡ” ಎನ್ನುತ್ತಲೇ ಇದ್ದರು.

ಆಗ ಮುಂದಿನ ಸಾಲಿನಿಂದ ಕಲ್ಲಮ್ಮನವರು ಎದ್ದರು. ಕಿವಿ ಮಂದವಾದ್ದರಿಂದ ಅವರ ಪಿಸುಮಾತಿಗೂ ಮೈಕು ಬೇಡ.

“ದಾಕ್ಷಾಯಿಣಿ, ಎರಡನೇ ಶನಿವಾರ ಅಂತ ನೀನು ನಿನ್ನೆ ಆಫೀಸಿಗೆ ಹೋಗ್ಲಿಲ್ಲ ಅಲ್ವೇನೇ? ಕೊಪ್ಪದಿಂದ ಕೋಳಿ ಲಿವರ್ ಬಂದಿಲ್ಲ. ಪಾಪ, ಹಸಿದಿದೆ ಅದು!”

ದಾಕ್ಷಾಯಿಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮೇಷ್ಟ್ರಿಗೆ ಹೆಬ್ಬೆರಳಿನ ನೋವು ಒಂದು ಕ್ಷಣ ಮರೆತೇಹೋಯಿತು.

“ಅವ್ವಾ, ನೀನೂನಾ?”

“ಮತ್ತೆ? ಅವಳು ಸಂಜೆ ತಂದಿಡ್ತಾಳೆ, ಮಾರನೇ ದಿನ ನೀನು ಸ್ಕೂಲಿಗೆ ಹೋದ್ಮೇಲೆ ನಾನು ಹಿತ್ತಲಲ್ಲಿ ಚಮಚದಲ್ಲಿ ಹಾಕ್ತೀನಿ. ಆಮೇಲೆ ಸ್ನಾನ ಮಾಡ್ತೀನಪ್ಪ. ನಾವು ತಿನ್ನಲ್ಲ, ಸರಿ. ಅದಕ್ಕೆ ಲಿಂಗದೀಕ್ಷೆ ಕೊಟ್ಟಿದ್ದು ಯಾರೋ?”

“ಹಾಲನ್ನ?” ಮೇಷ್ಟ್ರ ದನಿ ಎಲ್ಲೋ ಬಾವಿಯೊಳಗಿಂದ ಬಂತು.

“ನಾನೇ ಉಣ್ತಿದ್ದೆ. ಅನ್ನ ಚೆಲ್ಲಕ್ಕಾಗತ್ತಾ?”

ಸಭಾಭವನ ನಕ್ಕ ನಗುವಿಗೆ ಬೆಚ್ಚಿ ರಿಬ್ಬನ್ ತಾನಾಗೇ ಬೆರಳು ಬಿಟ್ಟಿತು. ಮೇಷ್ಟ್ರು ಅದನ್ನು ಪಂಜರಕ್ಕೆ ಹಾಕಿಕೊಂಡು, ಹಿಂಬಾಗಿಲಿನಿಂದ, ಪಾತ್ರೆ ತೊಳೆಯುತ್ತಿದ್ದವರನ್ನೂ ದಾಟಿ ಮನೆ ಸೇರಿದರು. ಆ ರಾತ್ರಿ ಅವರು ಹೆಂಡತಿಯನ್ನು ಕೇಳಿದ್ದು ಒಂದೇ. “ನಂಗ್ಯಾಕೆ ಹೇಳ್ಲಿಲ್ಲ?”

“ಹೇಗೆ ಹೇಳ್ಲಿ? ಅದು ಮಲಗಿದಾಗ ನೀವು ಅಷ್ಟು ಖುಷಿಯಾಗಿದ್ರಿ,” ಎಂದರು ದಾಕ್ಷಾಯಿಣಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮೇಷ್ಟ್ರು ಗೋಡೆ ಕಡೆ ತಿರುಗಿ ಮಲಗಿದರು.

ಬೆಳಿಗ್ಗೆ ತಾವೇ ರಜೆ ಹಾಕಿ ಸ್ಕೂಟರ್ ತೆಗೆದರು. ನರಸಿಂಹರಾಜಪುರದಲ್ಲಿ ಕೋಳಿ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಎಲ್ಲ ಅಂಗಡಿಯ ಎದುರೂ ಒಬ್ಬ ಹಳೇ ವಿದ್ಯಾರ್ಥಿ ಇರುತ್ತಾನೆ. ಆದ್ದರಿಂದ ಕೊಪ್ಪವೇ ವಾಸಿ. ಅಂಗಡಿ ಮುಂದೆ ಇಳಿದರೂ ಹೆಲ್ಮೆಟ್ ತೆಗೆಯಲಿಲ್ಲ, ಗಾಜನ್ನೂ ಪೂರ್ತಿ ಇಳಿಸಿಕೊಂಡರು. ಒಳಗಿಂದಲೇ ದನಿ ಬದಲಿಸಿ, “ಸ್ವಲ್ಪ ಲಿವರ್,” ಎಂದರು.

ಅಂಗಡಿಯವನು ಹೆಲ್ಮೆಟ್ ನೋಡಲಿಲ್ಲ. ಹೆಬ್ಬೆರಳಿಗೆ ಸುತ್ತಿದ್ದ ಬ್ಯಾಂಡೇಜ್ ನೋಡಿದ. ಪಕ್ಕದಲ್ಲಿ ಆನ್ ಆಗಿಯೇ ಇದ್ದ ಮೊಬೈಲ್ ನೋಡಿದ. ಅದರಲ್ಲಿ ನಿನ್ನೆಯ ಭಾಷಣ ಓಡುತ್ತಿತ್ತು. ಆಮೇಲೆ ತುಂಬ ಮರ್ಯಾದೆಯಿಂದ ಸ್ಟೂಲ್ ಒರೆಸಿ ಮುಂದಿಟ್ಟ.

“ಕೂತ್ಕೊಳ್ಳಿ ಮೇಷ್ಟ್ರೇ. ಹೆಲ್ಮೆಟ್ ತೆಗೀರಿ ಪರವಾಗಿಲ್ಲ. ಇಲ್ಲಿರೋದು ಯಾವುದೂ ಕಚ್ಚಲ್ಲ.”