ಚುಕ್ಕಿ ಜಗಳದ ಸದ್ದು

ಮೈಲಾರಿಯ ಭಾನುವಾರ ಕೆಟ್ಟದ್ದು ಅಂತರಿಕ್ಷದಿಂದಲ್ಲ, ಪಕ್ಕದ ಮನೆಯಿಂದ. ಬೆಳಿಗ್ಗೆ ಅವನು ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಳ್ಳುವ ಹೊತ್ತಿಗೆ ಪಂಚಾಕ್ಷರಪ್ಪ ಬಾಗಿಲಲ್ಲಿ ನಿಂತಿದ್ದರು.

"ಮೈಲಾರಿ, ಎಕ್ಸ್‌ಟೆನ್ಷನ್ ಬಾಕ್ಸ್ ಐತೇನಪ್ಪ? ಹಿತ್ತಲಾಗೆ ಒಂಚೂರು ಕೆಲಸ ಐತೆ. ಸಂಜಿಗೆ ತಂದು ಕೊಡ್ತೀನಿ."

ತ್ಯಾವಣಿಗೆಯ ಆ ಓಣಿಯಲ್ಲಿ ಪಕ್ಕದ ಮನೆಯವರು ಕೇಳಿದ್ದಕ್ಕೆ ಇಲ್ಲ ಎನ್ನುವ ರೂಢಿಯಿಲ್ಲ. ಏಣಿ, ಗುದ್ದಲಿ, ಹೆಪ್ಪಿಗೆ ಮಜ್ಜಿಗೆ ಎಲ್ಲವೂ ಹೋಗಿ ಬರುತ್ತಲೇ ಇರುತ್ತವೆ. ಕೆಲವು ಹೋಗಿ ಬರುವುದಿಲ್ಲ. ಮೈಲಾರಿ ಮೇಜಿನಡಿ ನುಸುಳಿ, ಬಾಕ್ಸಿಗೆ ಸಿಕ್ಕಿಸಿದ್ದ ವೈರುಗಳನ್ನೆಲ್ಲ ಕಿತ್ತು, ಅದನ್ನು ಕೊಟ್ಟು ಕಳಿಸಿದ. ಗೋಡೆಯಲ್ಲಿದ್ದದ್ದು ಎರಡೇ ಪ್ಲಗ್ಗು. ಒಂದಕ್ಕೆ ಕಂಪ್ಯೂಟರು, ಇನ್ನೊಂದಕ್ಕೆ ಮಾನಿಟರು ಸಿಕ್ಕಿಸಿದ. ಉಳಿದದ್ದು ಮೇಜಿನ ಹಿಂದೆ ಜೋತುಬಿತ್ತು.

ಅವನಿಗೆ ಅವಸರವಿತ್ತು. ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೈಲಾರಿಗೆ ಆಟಗಳ ಹುಚ್ಚು. ಆಡಿದ್ದರ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆಯುವುದು ಅದಕ್ಕಿಂತ ದೊಡ್ಡ ಹುಚ್ಚು. ಅದನ್ನು ಓದಿದ ದಾವಣಗೆರೆಯ ವೆಬ್ ಪತ್ರಿಕೆಯ ಸಂಪಾದಕಿ ರಕ್ಷಾ ಫೋನು ಮಾಡಿದ್ದಳು. ಹೊಸದಾಗಿ ಬಂದ ಅಂತರಿಕ್ಷ ಯುದ್ಧದ ಆಟದ ವಿಮರ್ಶೆಯನ್ನು ಭಾನುವಾರ ಮಧ್ಯಾಹ್ನದೊಳಗೆ ಕಳಿಸಬೇಕು. ಅದು ಹಿಡಿಸಿದರೆ ವಾರವಾರವೂ ಅಂಕಣ, ಜೊತೆಗೆ ಹೆಸರು. ಆ ಹೆಸರು ಎಂಬುದಕ್ಕೆ ಮೈಲಾರಿ ಹಗಲೂ ಇರುಳೂ ಬಾಯಿ ಬಿಡುತ್ತಿದ್ದ. ಹೆಂಡತಿ ಅಕ್ಷಿತಾಳ ತವರು ಬಿಳಿಚೋಡು. ಅಲ್ಲಿಯ ಮಾವನವರು ಮದುವೆಯಾದಾಗಿನಿಂದ "ಅಳಿಯಂದಿರು ಆ ಕಂಪ್ಯೂಟರ್‌ನಾಗೆ ಅಂಥಾದ್ದೇನು ಮಾಡ್ತಾರೆ?" ಎಂದು ಮಗಳನ್ನು ಕೇಳುತ್ತಲೇ ಇದ್ದರು. ಈ ಸಂಜೆ ಉತ್ತರ ಸಿಗುತ್ತದೆ ಎಂದು ಅಕ್ಷಿತಾ ಈಗಾಗಲೇ ತವರಿನ ವಾಟ್ಸಾಪ್ ಗುಂಪಿಗೆ ತಿಳಿಸಿಬಿಟ್ಟಿದ್ದಳು.

ಆಟಕ್ಕೆ ಇಂಗ್ಲಿಷಿನಲ್ಲಿ ಮಾರುದ್ದದ ಹೆಸರಿತ್ತು. ಎದುರು ಮನೆಯ ಓಂಕಾರಪ್ಪ ಮಾತ್ರ ಅದನ್ನು "ಚುಕ್ಕಿ ಜಗಳ" ಎಂದರು. ಜಗಳೂರು ಕಡೆಯ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದ ಇವರಿಗೆ, ಯಾರ ಮನೆಯಲ್ಲಿ ಏನು ನಡೆದರೂ ಒಳಗೆ ಬಂದು ಕೂರುವುದೇ ಪಿಂಚಣಿ ನಂತರದ ಡ್ಯೂಟಿ.

"ಇದೇನಪ್ಪ, ನಿನ್ನ ನೌಕೆ ತಿರುಗಾಕೆ ಇಷ್ಟೊತ್ತು ತಗಳ್ತೈತೆ? ನಮ್ಮ ಬಸ್ಸು ಕೆರೆ ಏರಿ ಮೇಲೆ ಇದಕ್ಕಿಂತ ಜಲ್ದಿ ತಿರುಗ್ತಿತ್ತು."

"ಅದನ್ನೇ ಬರೀಬೇಕು ದೊಡ್ಡಪ್ಪ. ಎರಡು ವರ್ಷದಿಂದ ಜಾಹೀರಾತು ಕೊಟ್ಟು ಕುಣಿಸಿದ್ರು. ಈಗ ನೋಡಿದ್ರೆ ಹಿಂಗೈತೆ."

ಹಿಂಗೆ ಎಂದರೆ, ಶತ್ರುಗಳ ನೌಕೆಗಳು ಗುಂಡು ಹೊಡೆಯುವ ಬದಲು ಬಂಡೆಗೆ ಮೂತಿ ತೂರಿಸಿಕೊಂಡು ನಿಂತಿದ್ದವು. ಸೇನಾಪತಿ ಪ್ರತಿ ಯುದ್ಧದಲ್ಲೂ ಅದೇ ಭಾಷಣವನ್ನು ಪರದೆಯ ಮೇಲೆ ಅಕ್ಷರಗಳಲ್ಲಿ ಕೊಡುತ್ತಿದ್ದ. ಒಮ್ಮೆ ಮೈಲಾರಿ ಗೆದ್ದಾಗ ಸೋತಿದ್ದೀರಿ ಎಂದು ಬಂತು. ಹೊರದೇಶದ ವಿಮರ್ಶಕರೂ ಆಗಲೇ ಈ ಆಟವನ್ನು ತೊಳೆದು ಒಣಹಾಕಿದ್ದರು. ಮೈಲಾರಿ ಒಂದು ಗಂಟೆಯಲ್ಲಿ ಬೈಗುಳದ ಮಹಾಪೂರವನ್ನೇ ಬರೆದು ಕಳಿಸಿದ.

ರಕ್ಷಾ ಕೂಡಲೇ ಫೋನು ಮಾಡಿದಳು. "ಸರ್, ಬೈಗುಳ ಚೆನ್ನಾಗಿದೆ. ಆದ್ರೆ ಎಲ್ಲರೂ ಇದನ್ನೇ ಬೈದಿದ್ದಾರೆ. ನೀವು ಒಂದಾದ್ರೂ ಒಳ್ಳೇದು ಹುಡುಕಿ. ಬೇರೆ ಯಾರಿಗೂ ಕಾಣದ್ದು. ಆಗ ನಿಮ್ಮ ಹೆಸರು ನಿಲ್ಲುತ್ತೆ."

"ಅಲ್ಲಿ ಒಳ್ಳೇದಿಲ್ಲ ಮೇಡಂ."

"ಹುಡುಕಿ ಸರ್," ಎಂದು ಫೋನಿಟ್ಟಳು.

ಅಕ್ಷಿತಾಳೂ ಅವಳ ಪಕ್ಷವೇ. "ಯಾರೋ ಕಷ್ಟಪಟ್ಟು ಮಾಡ್ಯಾರೆ ಕಣ್ರೀ. ಮದುವೆ ಊಟಕ್ಕೆ ಹೋದ್ರೆ ಸಾರು ಸಪ್ಪಗಿದ್ರೂ ಪಾಯಸ ಚೆನ್ನಾಗಿತ್ತು ಅನ್ನಲ್ವ? ನಮ್ಮಪ್ಪ ಬೇರೆ ಓದ್ತಾರೆ."

ಮೈಲಾರಿ ಓಂಕಾರಪ್ಪನವರನ್ನು ಉಪಾಯವಾಗಿ ಹೊರಗೆ ಸಾಗಹಾಕಿ, ಬಾಗಿಲು ಜಡಿದು, ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲೆಯಲ್ಲಿ ಪಾಯಸ ಹುಡುಕಲು ಕುಳಿತ.

ಆಗ ಕೇಳಿಸಿತು. ಅವನ ನೌಕೆ ಮೇಲೇಳುತ್ತಿದ್ದಂತೆ ಒಂದು ಗುಡುಗು ಶುರುವಾಯಿತು. ಅದು ಕಿವಿಗಿಂತ ಮೊದಲು ಅಂಗಾಲಿಗೆ ತಾಗಿತು. ಗೋಡೆ ಅದುರಿತು, ಕುರ್ಚಿ ಅದುರಿತು, ಮೇಜಿನ ಮೇಲಿದ್ದ ಲೋಟ ತಾನಾಗಿಯೇ ಅಂಚಿನ ಕಡೆ ನಡೆಯಿತು. ಉಲ್ಕೆಗಳ ನಡುವೆ ನುಗ್ಗಿದಾಗ ಕಲ್ಲಿನ ಮಳೆ ತಗಡಿಗೆ ಬಡಿದ ಹಾಗೆ ಪಟಪಟ ಸದ್ದು. ಮೈಲಾರಿಯ ಮೈಮೇಲಿನ ರೋಮ ನಿಂತಿತು. ಇಷ್ಟು ಹೊತ್ತು ಸುಮ್ಮನಿದ್ದ ಆಟ ಯುದ್ಧ ಕಾವೇರಿದ ಮೇಲೆ ಬಾಯಿ ಬಿಟ್ಟಿದೆ ಎಂದುಕೊಂಡ.

ಕೊನೆಗೆ ಅವನ ನೌಕೆ ಸಿಡಿದುಹೋಯಿತು. ಸರಿಯಾಗಿ ಆ ಗಳಿಗೆಗೇ ಸದ್ದೆಲ್ಲ ನಿಂತು ನಿಶ್ಶಬ್ದವಾಯಿತು.

"ಆಹಾ! ಅಂತರಿಕ್ಷದಾಗೆ ಗಾಳಿ ಇಲ್ಲ, ಅದಕ್ಕೇ ಸದ್ದಿಲ್ಲ! ಎಂಥಾ ತಲೆ!" ಎಂದು ಮೈಲಾರಿ ಒಬ್ಬನೇ ಕೂಗಿದ. ಸಂತೋಷದಿಂದ ಅವನ ಕಣ್ಣು ಒದ್ದೆಯಾಗಿತ್ತು.

ಅವನು ಹೊಸದಾಗಿ ಬರೆದ. ಆಟ ಕೆಟ್ಟದ್ದೇ, ಆದರೆ ಅದರ ಸದ್ದು ಮಾತ್ರ ಅಪೂರ್ವ. ಹೊರದೇಶದ ಪಂಡಿತರ ಕಿವಿಗೆ ಏನಾಗಿದೆಯೋ ತಿಳಿಯದು. ಸದ್ದನ್ನು ಬಲ್ಲವರು ಮೌನವನ್ನೂ ಬಲ್ಲರು ಎಂದೆಲ್ಲ ಬರೆದು ಮುಗಿಸಿದ. ರಕ್ಷಾ ಒಂದಕ್ಷರ ತಿದ್ದಲಿಲ್ಲ. ಇಳಿಹೊತ್ತಿಗೆ ವಿಮರ್ಶೆ ಪ್ರಕಟವಾಯಿತು. ಬಿಳಿಚೋಡಿನ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು. ಮಾವನವರು ಇನ್ನೂ ಹೊಲದಿಂದ ಬಂದಿರಲಿಲ್ಲ, ಬಂದ ಮೇಲೆ ಓದುತ್ತಾರಂತೆ.

ಓಂಕಾರಪ್ಪ ಓದಿಕೊಂಡೇ ಬಂದರು. "ಎಲ್ಲಿ, ಆ ಸದ್ದು ನಮಗೂ ಒಂಚೂರು ಕೇಳ್ಸು."

ಅಕ್ಷಿತಾಳೂ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಮೈಲಾರಿ ಗತ್ತಿನಿಂದ ನೌಕೆ ಎಬ್ಬಿಸಿದ. ಸದ್ದಿಲ್ಲ. ಉಲ್ಕೆಗಳೊಳಗೆ ನುಗ್ಗಿಸಿದ. ಸದ್ದಿಲ್ಲ.

"ಗಾಳಿ ಇಲ್ಲ ಅಂತ ಬರ್ದೀಯಲ್ಲ," ಎಂದರು ಓಂಕಾರಪ್ಪ, ಸಹಾಯಕ್ಕೆಂಬಂತೆ.

ಅಷ್ಟರಲ್ಲಿ ಪಂಚಾಕ್ಷರಪ್ಪ ಒಳಗೆ ಬಂದರು. ತಲೆಯಿಂದ ಕಾಲಿನವರೆಗೆ ಸಿಪ್ಪೆಯ ಧೂಳು. ಕೈಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್.

"ತಗಳಪ್ಪ ನಿನ್ನ ಬಾಕ್ಸು. ಅಡಿಕೆ ಸುಲಿಯೋ ಹಳೇ ಮಿಷಿನ್ ಒಂದು ತಂದಿದ್ದೆ, ಇವತ್ತು ಓಡಿಸಿ ನೋಡಿದೆ. ಮಳೆ ಬಂದೀತು ಅಂತ ತಗಡಿನ ಕೆಳಗೆ, ನಿಮ್ಮ ಗೋಡಿಗೇ ಒತ್ತಿಸಿ ಇಟ್ಟಿದ್ದೆ. ಕಾಯಿ ಸಿಡಿದು ತಗಡಿಗೆ ಬಡಿಯಾಕೆ ಹತ್ತಿದ್ವು. ಟೀ ಕುಡಿಯಾಕೆ ನಿಲ್ಸಿದ ಮ್ಯಾಲೆ ನೆನಪಾತು ನೋಡು, ನಿಂಗೇನಾರ ತೊಂದ್ರೆ ಆಯ್ತೇನೋ ಅಂತ."

ಮೈಲಾರಿ ನಿಧಾನವಾಗಿ ಮೇಜಿನಡಿ ನುಸುಳಿದ. ಸ್ಪೀಕರಿನ ವೈರು ಬೆಳಿಗ್ಗೆ ಬಿಟ್ಟಲ್ಲೇ ಜೋತಾಡುತ್ತಿತ್ತು. ಬಾಕ್ಸಿಗೆ ಸಿಕ್ಕಿಸಿದ. ಆಗ ಆ ಮಹಾನೌಕೆಯ ನಿಜವಾದ ಸದ್ದು ಕೇಳಿಸಿತು, ಗ್ಯಾಸ್ಕೆಟ್ ಹೋದ ಕುಕ್ಕರಿನಂತೆ ಸುಂಯ್ ಎಂದು.

"ಅಡಿಕೆ ಸೀಮೆಯಾಗೆ ಹುಟ್ಟಿ ಅಡಿಕೆ ಮಿಷಿನ್ ಗೊತ್ತಾಗಲಿಲ್ವೇನೋ!" ಎಂದು ಓಂಕಾರಪ್ಪ ಗೋಡೆ ಹಿಡಿದುಕೊಂಡು ನಕ್ಕರು.

ಮೈಲಾರಿ ಸುಮ್ಮನಿದ್ದುಬಿಡಬಹುದಿತ್ತು. ಅಕ್ಷಿತಾ ಕಣ್ಣಲ್ಲೇ ಹಾಗೆಂದು ಬೇಡಿಕೊಂಡಳು. ಆದರೆ ಅವನ ಮಾತು ನಂಬಿ ಯಾರೋ ಆ ಆಟ ಕೊಂಡರೆ? ಬೇಕಿದ್ದದ್ದು ಹೆಸರು ನಿಜ, ಆದರೆ ಅಡಿಕೆ ಸಿಪ್ಪೆಯ ಮೇಲೆ ನಿಂತ ಹೆಸರಲ್ಲ. ಫೋನು ಹಚ್ಚಿ ರಕ್ಷಾಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದ.

ಆ ಕಡೆಯಿಂದ ಜೋರಾದ ನಗು. "ವಿಮರ್ಶೆ ಈಗಲೇ ತೆಗೀತೀನಿ ಸರ್. ಅಂಕಣದ ವಿಷಯ ಆಮೇಲೆ ನೋಡೋಣ. ಆ ಪಂಚಾಕ್ಷರಪ್ಪನವರು ಅಲ್ಲೇ ಇದ್ದಾರಾ? ಫೋನು ಕೊಡಿ ಅವರಿಗೆ."

ಪಂಚಾಕ್ಷರಪ್ಪ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮಿಷಿನ್ ಪಕ್ಕ ನಿಂತು ವಿಡಿಯೋದಲ್ಲಿ ಬಹಳ ಹೊತ್ತು ಮಾತಾಡಿದರು. ಮೈಲಾರಿ ಫೋನು ಹಿಡಿದು ನಿಂತಿದ್ದ. ಓಂಕಾರಪ್ಪ ಬೆಳಕು ಬೀಳಲೆಂದು ತಗಡು ಸರಿಸಿದರು.

ದೀಪ ಹಚ್ಚುವ ಹೊತ್ತಿಗೆ ಪತ್ರಿಕೆಯಲ್ಲಿ ವಿಮರ್ಶೆಯಿದ್ದ ಜಾಗದಲ್ಲಿ ದೊಡ್ಡ ಅಕ್ಷರಗಳು ಕಂಡವು: "ಅಂತರಿಕ್ಷ ಸಮರವನ್ನು ಮೀರಿಸಿದ ತ್ಯಾವಣಿಗೆಯ ಅಡಿಕೆ ಯಂತ್ರ!" ಕೆಳಗೆ ಮಿಷಿನ್ ಮೇಲೆ ಕೈಯಿಟ್ಟ ಪಂಚಾಕ್ಷರಪ್ಪನವರ ಚಿತ್ರ. ಅದರ ಕೆಳಗೆ, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಂತೆ, ಒಂದು ಸಾಲು: "ಎಕ್ಸ್‌ಟೆನ್ಷನ್ ಬಾಕ್ಸ್ ಒದಗಿಸಿದವರು: ಮೈಲಾರಿ."

ಅವನು ಅದನ್ನು ಎರಡನೇ ಸಲ ಓದುವಷ್ಟರಲ್ಲಿ ಬಿಳಿಚೋಡಿನಿಂದ ಫೋನು ಬಂತು. ಮಾವನವರ ದನಿ ಎಂದೂ ಇಲ್ಲದಷ್ಟು ಮೃದುವಾಗಿತ್ತು.

"ಅಳಿಯಂದ್ರೇ, ನಿಮ್ಮ ಹೆಸರು ಬಂದೈತೆ, ಈಗ ನೋಡಿದ್ವಿ. ಬಾಳ ಖುಷಿ ಆತು. ಕರೆಂಟಿನ ಕೆಲಸ ಮಾಡ್ತೀರಿ ಅಂತ ಇಷ್ಟು ದಿನ ಹೇಳ್ಲೇ ಇಲ್ವಲ್ರೀ? ನಮ್ಮ ಬೋರಿನ ಮೋಟರ್ ನಿಂತು ಮೂರು ದಿನ ಆಯ್ತು. ನಾಳೆ ಟೆಸ್ಟರ್ ತಗಂಡು ಬಂದುಬಿಡ್ರಿ."