ಸ್ಪ್ರಿಂಗ್ ಬಾಗಿಲು ಮತ್ತು ಉಜ್ಜನಪ್ಪನ ಮೂಗು

ಎಲ್ಲಕ್ಕೂ ಕಾರಣ ಒಂದು ಬೀದಿನಾಯಿ. ಶನಿವಾರ ಅದು ದಾವಣಗೆರೆಯ ಸರಸ್ವತಿ ನಗರದ ಕೊಟ್ರೇಶನ ಮನೆಯೊಳಗೆ ನೆಂಟರ ಹಾಗೆ ನೆಟ್ಟಗೆ ನಡೆದು ಬಂದು, ಆರಲು ಇಟ್ಟಿದ್ದ ಹಾಲಿಗೆ ಬಾಯಿ ಹಾಕಿತು.

"ಈ ಮನ್ಯಾಗ ಬಾಗಿಲು ಮುಚ್ಚೋ ಅಭ್ಯಾಸ ಯಾರಿಗೂ ಇಲ್ಲ" ಎಂದು ಹೆಂಡತಿ ಅನ್ನಪೂರ್ಣಮ್ಮ ಶುರುಮಾಡಿದವಳು ನಿಲ್ಲಿಸಲಿಲ್ಲ. ಹಾಗಾದರೆ ಬಾಗಿಲೇ ತಾನಾಗಿ ಮುಚ್ಚಿಕೊಳ್ಳಲಿ ಎಂದು ಕೊಟ್ರೇಶ ಸಂಜೆಯೇ ಮಂಡಿಪೇಟೆಗೆ ಹೋಗಿ ಸ್ಪ್ರಿಂಗ್ ಹಿಂಜಸ್ ತಂದ.

"ಕಡ್ಡಿ ಹಾಕಿ ಸ್ಪ್ರಿಂಗ್ ಒಂದೇ ಒಂದು ತೂತಿನಷ್ಟು ತಿರುವ್ರಿ, ಆ ತೂತಿಗೆ ಪಿನ್ ಸಿಗಸ್ರಿ, ಬಾಗಿಲು ಬಿಟ್ಟು ನೋಡ್ರಿ" ಎಂದು ಅಂಗಡಿಯ ಫೈಸಲ್ ಹೇಳಿಕೊಟ್ಟಿದ್ದ. "ಜಾಸ್ತಿ ಬಿಗಿ ಮಾಡಬ್ಯಾಡ್ರಿ."

ಕೊಟ್ರೇಶ ಊರಂಚಿನ ಕರೂರಿನ ಕಾರ್ಖಾನೆಯೊಂದರ ಸ್ಟೋರ್ ಕೀಪರ್. ಇಪ್ಪತ್ತೆರಡು ವರ್ಷ ಸ್ಕ್ರೂಡ್ರೈವರುಗಳನ್ನು ಬೇರೆಯವರಿಗೆ ಎತ್ತಿ ಕೊಟ್ಟವನೇ ಹೊರತು ತಾನು ತಿರುಗಿಸಿದವನಲ್ಲ. ಭಾನುವಾರ ಹನ್ನೊಂದು ಗಂಟೆಗೆ ಹಿಂಜಸ್ ಕೂತವು, ಹೆಬ್ಬೆರಳು ಬಾತಿತು. ಬಾಗಿಲು ಮಾತ್ರ ಅರ್ಧಕ್ಕೆ ಬಂದು, ಹೇಳಲು ಹೋದ ಮಾತು ಮರೆತವರಂತೆ ನಿಂತುಬಿಡುತ್ತಿತ್ತು.

ಪಕ್ಕದ ಮನೆಯ ನಾಗಭೂಷಣ್ ಕಾಂಪೌಂಡಿನ ಮೇಲೆ ಮೊಣಕೈ ಊರಿದರು. "ಒಂದು ತೂತಿಗೆ ಏನಾಕೈತೆ ಕೊಟ್ರೇಶಪ್ಪ? ನಾಕು ತಿರುವ್ರಿ."

ಕೊಟ್ರೇಶ ನಾಲ್ಕು ತಿರುವಿದ. ಬಾಗಿಲನ್ನು ಪೂರ್ತಿ ಎಳೆದು ಬಿಟ್ಟ. ಅದೇ ಗಳಿಗೆಯಲ್ಲಿ ಬಿಳಿ ಟೋಪಿ, ಬಿಳಿ ಪಂಚೆಯ ಯಾರೋ ಮೆಟ್ಟಿಲು ಹತ್ತಿ ಹೊಸ್ತಿಲಿಗೆ ಬಂದಿದ್ದರು. ಬಾಗಿಲು ಕಟ್ಟು ಬಿಚ್ಚಿದ ಹೋರಿಯಂತೆ ನುಗ್ಗಿತು. ಹೊರಗೆ "ಅಯ್ಯೋ ಶಿವನೇ" ಎಂಬ ನರಳಿಕೆ ಕೇಳಿಸಿತು. ಬಡಿದ ರಭಸಕ್ಕೆ ಚಿಲಕ ಸಿಕ್ಕಿಹಾಕಿಕೊಂಡು, ಗಂಡ ಹೆಂಡತಿ ಇಬ್ಬರೂ ಜಗ್ಗಿ ತೆಗೆಯುವಷ್ಟರಲ್ಲಿ ಮೆಟ್ಟಿಲು ಖಾಲಿಯಾಗಿತ್ತು.

"ನಿಮ್ಮಣ್ಣ ಉಜ್ಜನಪ್ಪನೋರು" ಎಂದರು ನಾಗಭೂಷಣ್. "ಮೂಗು ಹಿಡ್ಕೊಂಡು ಹೋದ್ರು. ಅದೇ ಟೋಪಿ, ಅದೇ ನಡಿಗಿ. ಹನ್ನೊಂದು ವರ್ಷದ ಮ್ಯಾಲೆ ತಾವಾಗೇ ಬಂದೋರಿಗೆ ಹಿಂಗಾ ಮಾಡೋದು?"

ಕೊಟ್ರೇಶ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟ. ಹನ್ನೊಂದು ವರ್ಷದ ಹಿಂದೆ ಅವ್ವ ದಾವಣಗೆರೆಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುವ ಮೊದಲು ಅವನು ಹರಿಹರದ ಅಣ್ಣನಿಗೆ ಮೂರು ಸಲ ಫೋನ್ ಮಾಡಿದ್ದ. ಅಣ್ಣ ಎತ್ತಲಿಲ್ಲ. ಮಣ್ಣು ಮಾಡುವ ದಿನ ಬಂದವನು "ನನಗೆ ಬೇಕಂತಲೇ ಹೇಳ್ಲಿಲ್ಲ" ಎಂದು ನೂರು ಜನರೆದುರು ಕೂಗಾಡಿದ್ದ. ಅಂದಿನಿಂದ ಮಾತಿಲ್ಲ.

"ಹೋಗ್ರಿ, ಕಾಲು ಹಿಡ್ಕೊಳ್ರಿ" ಎಂದು ಅನ್ನಪೂರ್ಣಮ್ಮ ಅಳತೊಡಗಿದಳು. "ಇರೋನು ಒಬ್ಬ ಅಣ್ಣ."

ಬಾತ ಹೆಬ್ಬೆರಳಿನೊಂದಿಗೆ ಕೊಟ್ರೇಶ ಹರಿಹರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದೇ ಸಮಾಧಾನ: ಅಣ್ಣ ಬಂದಿದ್ದನಲ್ಲ, ತಾನಾಗೇ ಬಂದಿದ್ದನಲ್ಲ.

ಉಜ್ಜನಪ್ಪ ಪಡಸಾಲೆಯ ಮಂಚದ ಮೇಲೆ ಕಾಲಿಗೆ ದುಪ್ಪಟಿ ಹೊದ್ದು ಕೂತಿದ್ದ. ಕೊಟ್ರೇಶನಿಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ತಲೆ ತಗ್ಗಿಸಿ ಒಂದೇ ಉಸಿರಿಗೆ ಹೇಳಿದ: "ತಪ್ಪಾತು ಅಣ್ಣಾ. ಬಾಗಿಲು ನಿನ್ನ ಮುಖಕ್ಕ ಬಡೀಬೇಕಂತ ಮಾಡಿದ್ದಲ್ಲ. ಸ್ಪ್ರಿಂಗ್ ಬಿಗಿ ಆಗಿತ್ತು."

ಉಜ್ಜನಪ್ಪ ದುಪ್ಪಟಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ. ಆಮೇಲೆ, "ಬಾಗಿಲಿಂದು ಇರಲಿ. ಅವ್ವಂದು?" ಎಂದ.

"ಅವ್ವಂದೇನು?"

"ಫೋನ್ ಮಾಡಿದ್ಯೇನು ಅವತ್ತು?"

ಮಾಡಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಇಷ್ಟು ವರ್ಷದ ಮೇಲೆ ಮೆಟ್ಟಿಲು ಹತ್ತಿ ಬಂದು ಮೂಗು ಒಡೆಸಿಕೊಂಡವನ ಎದುರು ವಾದ ಹೂಡುವುದು ಹೇಗೆ? ಬಾಗಿಲಲ್ಲಿ ಅತ್ತಿಗೆ ನಿಂತು ಕೇಳುತ್ತಿದ್ದಳು.

"ಇಲ್ಲ ಅಣ್ಣಾ. ಮಾಡ್ಲಿಲ್ಲ. ನಂದೇ ತಪ್ಪು."

ಅತ್ತಿಗೆ ಸರಕ್ಕನೆ ಒಳಗೆ ಹೋದಳು. ಅಷ್ಟರಲ್ಲಿ ಕೊಟ್ರೇಶನ ಫೋನು ಬಡಿದುಕೊಂಡಿತು.

"ರೀ, ಆ ಮೂಗಿನೋರು ಮತ್ತ ಬಂದಿದ್ರು" ಎಂದಳು ಅನ್ನಪೂರ್ಣಮ್ಮ. "ಗುಡಿಗೆ ಪಟ್ಟಿ ಎತ್ತೋರಂತೆ, ಚಂದಾ ಕೇಳಾಕ ಬಂದಿದ್ರಂತೆ. ನಿಮ್ಮಣ್ಣ ಅಲ್ಲ. ಇನ್ನೂ ಮಾತಾಡಿಲ್ಲ ಅಂದ್ರ ವಾಪಸ್ ಬಂದ್ಬಿಡ್ರಿ."

ಕೊಟ್ರೇಶ ಮೊದಲ ಬಾರಿಗೆ ಅಣ್ಣನ ಮುಖ ನೋಡಿದ. ಮೂಗು ಎಣ್ಣೆ ಹಚ್ಚಿದಂತೆ ನುಣ್ಣಗಿತ್ತು.

"ನೀನು ಬಂದಿರಲಿಲ್ಲೇನು?"

ಉಜ್ಜನಪ್ಪ ದುಪ್ಪಟಿ ಸರಿಸಿದ. ಎರಡೂ ಮೊಣಕಾಲಿಗೆ ಬ್ಯಾಂಡೇಜು. "ಆಪರೇಷನ್ ಆಗಿ ಇಪ್ಪತ್ತು ದಿನ ಆತು. ಬಚ್ಚಲಿಗೆ ಹೋಗಾಕೂ ಇಬ್ಬರು ಬೇಕು."

"ಮತ್ತೆ ಆಗಲೇ ಯಾಕ ಹೇಳ್ಲಿಲ್ಲ?"

"ನೀನು ಹೇಳಾದು ಮುಗೀಲಿ ಅಂತಿದ್ದೆ."

ಕೊಟ್ರೇಶ ಮೂರು ಫೋನಿನ ವಿಷಯ ಹೇಳಲು ಬಾಯಿ ತೆರೆದ. ಒಳಗಿನಿಂದ ಅತ್ತಿಗೆಯ ದನಿ ಕೇಳಿಸಿತು. ಬಾಡ ಗ್ರಾಮದ ಭಾವನಿಗೆ ಫೋನಿನಲ್ಲಿ ಹೇಳಿ ಮುಗಿಸಿ, ಈಗ ಉಚ್ಚಂಗಿದುರ್ಗದ ಸೋದರತ್ತೆಗೆ ಹೇಳುತ್ತಿದ್ದಳು:

"ಹೂಂ ಅತ್ತೀ, ಅವನ ಬಾಯಿಂದಲೇ ಬಂತು. ಫೋನ್ ಮಾಡೇ ಇರಲಿಲ್ಲಂತೆ."